ವೀಡಿಯೊ ನಿಂತಿತು ಸರಿ, ಎಲ್ಲಿ ನಿಂತಿತು?

ಹಾಸ್ಟೆಲ್‌ನಲ್ಲಿ ಎನ್‌ಪಿಟಿಇಎಲ್ ಪಾಠ ನೋಡ್ತಾ ಇರುವಾಗ ವೀಡಿಯೊ ನಿಂತರೆ ನಮ್ಮ ಬೈಗುಳ ಮೊದಲು ಬೀಳುವುದು ವೈಫೈ ಮೇಲೆ. ಆಮೇಲೆ ರಿಫ್ರೆಶ್, ಬೇರೆ ಬ್ರೌಸರ್, ಕೊನೆಗೆ ಕ್ಯಾಶ್ ಕ್ಲಿಯರ್. ಇದರಲ್ಲಿ ಯಾವುದೋ ಒಂದು ಕೆಲಸ ಮಾಡಿಬಿಡುತ್ತೆ, ಯಾವುದು ಅಂತ ಗೊತ್ತಾಗಲ್ಲ. ಅಸೈನ್‌ಮೆಂಟ್ ಸಲ್ಲಿಸುವ ಕೊನೆಯ ರಾತ್ರಿ ಮತ್ತೆ ಅದೇ ಕಥೆ. ಲ್ಯಾಬಿನಲ್ಲಿ ಸರ್ಕ್ಯೂಟ್ ಔಟ್‌ಪುಟ್ ಕೊಡದಿದ್ದರೆ ನಾವು ಎಲ್ಲಾ ಕಾಂಪೊನೆಂಟ್ ಕಿತ್ತು ಬದಲಾಯಿಸಲ್ಲ, ಸಿಗ್ನಲ್ ಎಲ್ಲಿವರೆಗೆ ಬಂದಿದೆ ಅಂತ ಪ್ರೋಬ್ ಇಟ್ಟು ನೋಡ್ತೀವಿ. ಇಲ್ಲೂ ಹಾಗೇ ನೋಡಬಹುದು.

ಯೂಟ್ಯೂಬ್ ವೀಡಿಯೊ ಇಡೀ ಫೈಲಾಗಿ ಒಂದೇ ಸಲ ಬರುವುದಿಲ್ಲ, ಕೆಲವು ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಬ್ರೌಸರ್ ಅವನ್ನು ಬಫರ್‌ನಲ್ಲಿ ಕೂಡಿಟ್ಟುಕೊಂಡು, ಡಿಕೋಡ್ ಮಾಡಿ, ಪರದೆಗೆ ಕಳಿಸುತ್ತದೆ. ಹಾಗಾಗಿ ತುಂಡುಗಳೇ ಬರ್ತಾ ಇಲ್ಲವೋ, ಬಂದದ್ದನ್ನು ಬಿಚ್ಚಲು ಲ್ಯಾಪ್‌ಟಾಪ್‌ಗೆ ಆಗ್ತಾ ಇಲ್ಲವೋ ಅನ್ನುವುದೇ ಮೊದಲ ಪ್ರಶ್ನೆ.

ಪ್ರೋಬ್ ಅಲ್ಲೇ ಇದೆ. ವೀಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ. ಬರುವ ಪಟ್ಟಿಯಲ್ಲಿ ಎರಡೇ ಸಾಲು ನೋಡಿ: ಬಫರ್ ಹೆಲ್ತ್ ಮತ್ತು ಡ್ರಾಪ್ಡ್ ಫ್ರೇಮ್ಸ್. ಬಫರ್ ಹೆಲ್ತ್ ಇಳೀತಾ ಇಳೀತಾ ಸೊನ್ನೆಗೆ ಬಂದು ವೀಡಿಯೊ ನಿಂತರೆ ತೊಂದರೆ ನೆಟ್‌ವರ್ಕ್‌ನಲ್ಲಿ. ಬಫರ್‌ನಲ್ಲಿ 30 ಸೆಕೆಂಡ್ ಸರಕು ಇದ್ದರೂ ಚಿತ್ರ ತಡವರಿಸುತ್ತಾ, ಡ್ರಾಪ್ಡ್ ಫ್ರೇಮ್ಸ್ ಏರ್ತಾ ಇದ್ದರೆ ಪಾಪ ವೈಫೈ ನಿರಪರಾಧಿ.

ನೆಟ್‌ವರ್ಕ್ ಅಂತ ಆದರೆ ಅದೇ ವೀಡಿಯೊ ಎರಡು ನಿಮಿಷ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹಾಕಿ ಹೋಲಿಸಿ. ಕ್ಯಾಂಪಸ್ ವೈಫೈಗೆ ಲಾಗಿನ್ ಪುಟ ಇದ್ದರೆ ಇನ್ನೊಂದು ಸಾಧ್ಯತೆ ಉಂಟು: ಲಾಗಿನ್ ಅವಧಿ ಮುಗಿದಿರುತ್ತೆ, ಆದರೆ ಬಫರ್‌ನಲ್ಲಿ ಉಳಿದದ್ದು ಓಡ್ತಾ ಇರುತ್ತೆ. ಅದು ಖಾಲಿ ಆದಮೇಲಷ್ಟೇ ವೀಡಿಯೊ ನಿಲ್ಲುವುದರಿಂದ ಲಾಗಿನ್ ನೆನಪೇ ಆಗಲ್ಲ. ಜೊತೆಗೆ ಒಮ್ಮೆ ಇನ್‌ಕಾಗ್ನಿಟೊ ಕಿಟಕಿಯಲ್ಲೂ ಹಾಕಿ ನೋಡಿ. ನೀವಾಗಿ ಅನುಮತಿ ಕೊಡದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ, ತಪ್ಪು ಅವುಗಳದ್ದೇ ಆಗಿದ್ದರೆ ಗೊತ್ತಾಗುತ್ತೆ.

ನಮಗೆ ಹೆಚ್ಚು ಸ್ವಾರಸ್ಯ ಅನಿಸುವುದು ಡಿಕೋಡಿಂಗ್ ಭಾಗ. ಅಣ್ಣನದೋ ಸೀನಿಯರ್‌ದೋ ಹಳೇ ಲ್ಯಾಪ್‌ಟಾಪ್ ಬಳಸುವವರು ಇದನ್ನು ಗಮನಿಸಬೇಕು. ಎಚ್.264 ಕೋಡೆಕ್ ಬಿಚ್ಚುವ ಹಾರ್ಡ್‌ವೇರ್ ಇವತ್ತು ಬಳಕೆಯಲ್ಲಿರುವ ಹೆಚ್ಚುಕಮ್ಮಿ ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಇದೆ. ವಿಪಿ9ಗೆ ಪೂರ್ತಿ ಹಾರ್ಡ್‌ವೇರ್ ಬೆಂಬಲ ಇಂಟೆಲ್‌ನಲ್ಲಿ ಬಂದದ್ದು 7ನೇ ತಲೆಮಾರಿನಿಂದ, ಎವಿ1ಗೆ 11ನೇ ತಲೆಮಾರಿನಿಂದ. ಹಾರ್ಡ್‌ವೇರ್ ಇಲ್ಲದಿದ್ದರೆ ಲೆಕ್ಕವೆಲ್ಲ ಸಿಪಿಯು ತಲೆ ಮೇಲೆ. ಫ್ಯಾನ್ ಮಿಕ್ಸಿ ಥರ ಕೂಗುವುದು ಅದಕ್ಕೇ. ಯಾವ ಕೋಡೆಕ್ ಬರ್ತಿದೆ ಅನ್ನುವುದೂ ಅದೇ ಪಟ್ಟಿಯಲ್ಲಿ ಕಾಣುತ್ತೆ.

ಮೊದಲು ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆನ್ ಇದೆಯಾ ನೋಡಿ. ಆನ್ ಇದ್ದು, ದನಿ ಬಂದು ಚಿತ್ರ ಮಾತ್ರ ಹಸಿರೋ ಕಪ್ಪೋ ಆಗ್ತಿದ್ದರೆ ಡ್ರೈವರ್ ಮೇಲೆ ಅನುಮಾನ ಪಡಿ: ಆಫ್ ಮಾಡಿ, ಬ್ರೌಸರ್ ಮತ್ತೆ ತೆರೆದು ಪರೀಕ್ಷಿಸಿ. ಒಬ್ಬರಿಗೆ ಆನ್ ಮಾಡಿದ್ದು ಮದ್ದಾದರೆ ಇನ್ನೊಬ್ಬರಿಗೆ ಆಫ್ ಮಾಡಿದ್ದು ಮದ್ದು. ಯಾರೋ ಹೇಳಿದ ಉಪಾಯ ನಿಮಗೆ ನಡೆಯದೆ ಹೋಗುವುದು ಇಂಥ ಕಡೆಯೇ. ಇದ್ಯಾವುದೂ ಆಗದ ಹಳೇ ಮಷೀನಿಗೆ 'ಎಚ್264ಇಫೈ' ಎಂಬ ಎಕ್ಸ್‌ಟೆನ್ಶನ್ ಇದೆ, ಯೂಟ್ಯೂಬ್‌ನಿಂದ ಎಚ್.264 ಅನ್ನೇ ತರಿಸುತ್ತೆ. 4ಕೆ ಸಿಗಲ್ಲ. ಬೋರ್ಡ್ ಮೇಲಿನ ಇಂಟಿಗ್ರಲ್ ಓದೋಕೆ 4ಕೆ ಯಾಕೆ ಬೇಕು?

ಓಟಿಟಿ ಸಿನಿಮಾವನ್ನು ಸ್ಕ್ರೀನ್ ಶೇರ್ ಮಾಡಿದಾಗ ಬರೀ ಕಪ್ಪು ಕಾಣುವುದು ಮಾತ್ರ ದೋಷವಲ್ಲ. ಅದು ಡಿಆರ್‌ಎಂ, ನಕಲು ತಡೆಯೋಕೆ ಬೇಕಂತಲೇ ಮಾಡಿದ ವ್ಯವಸ್ಥೆ. ಅದರ ಹಿಂದೆ ರಾತ್ರಿ ಹಾಳುಮಾಡಬೇಡಿ.

ಪರೀಕ್ಷಿಸಿದ ಮೇಲೂ ತಪ್ಪು ಕ್ಯಾಂಪಸ್ ವೈಫೈದೇ ಅಂತಾದರೆ ದೂರು ಕೊಡಿ. 'ನೆಟ್ ಸ್ಲೋ ಸರ್' ಅಂದರೆ ಅವರಿಗೂ ಏನು ಹುಡುಕಬೇಕು ಅಂತ ತಿಳಿಯಲ್ಲ. ಯಾವ ಬ್ಲಾಕ್, ಎಷ್ಟು ಗಂಟೆಗೆ, ಹಾಟ್‌ಸ್ಪಾಟ್‌ನಲ್ಲಿ ಹೇಗಿತ್ತು ಎಂದು ಬರೆದು, ಬಫರ್ ಹೆಲ್ತ್ ಕಾಣುವ ಸ್ಕ್ರೀನ್‌ಶಾಟ್ ಒಂದನ್ನು ಲಗತ್ತಿಸಿ.