ಊರಿನ ಅನ್ನವೂ ಗೃಹಸ್ಥನ ಕರ್ತವ್ಯವೂ

ಮನೆಯ ಅಡಿಗೆಗೆ ಏನು ಬೇಕೆಂಬುದನ್ನು ಗೃಹಿಣಿಯು ನಿಶ್ಚಯಿಸುವಳು. ಆದರೆ ಆ ಪದಾರ್ಥವು ಯಾವ ಬೀದಿಯಲ್ಲಿ, ಯಾರ ಕೈಯಿಂದ, ಯಾವ ಬೆಲೆಗೆ ದೊರೆಯಬೇಕೆಂಬುದನ್ನು ನಿಶ್ಚಯಿಸುವವರು ಯಾರು? ಗೃಹಸ್ಥರಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ. ನಾನೂ ಕೇಳಿಕೊಂಡಿರಲಿಲ್ಲ.

ಜಯನಗರದ ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ವೃದ್ಧೆಯು ಬಹುಕಾಲದಿಂದ ಸೊಪ್ಪು ಮಾರುತ್ತಿದ್ದಳು. ಹೊತ್ತೇರಿದ ಮೇಲೆ ಜನಸಂದಣಿಯಲ್ಲಿ ಕಾಲುದಾರಿಗೆ ಅಡ್ಡಿಯಾಗುವುದೆಂದು ನೆರೆಹೊರೆಯವರು ಒಂದು ಮನವಿಯನ್ನು ಸಿದ್ಧಪಡಿಸಿದರು. ಅದರ ಒಕ್ಕಣೆಯನ್ನು ತಿದ್ದಿದವನು ನಾನೇ. ರುಜು ಹಾಕಿದವರಲ್ಲಿಯೂ ನಾನೇ ಮೊದಲಿಗ. ಹದಿನೈದು ದಿನಗಳೊಳಗಾಗಿ ಆಕೆಯ ಬುಟ್ಟಿಯು ಅಲ್ಲಿಂದ ಎದ್ದಿತು. ಆ ಜಾಗದಲ್ಲಿ ಮೋಟಾರು ಸೈಕಲ್ಲುಗಳು ನಿಂತವು. ದಂಟಿನ ಸೊಪ್ಪಿಗಾಗಿ ನನ್ನ ಪತ್ನಿಯು ಮಂಡಿನೋವಿನೊಡನೆ ನಾಲ್ಕನೆಯ ಬ್ಲಾಕಿನವರೆಗೆ ನಡೆಯಬೇಕಾಯಿತು. "ಅರ್ಜಿಯಲ್ಲಿ ವ್ಯಾಕರಣವೇನೋ ಸರಿಯಾಗಿತ್ತಷ್ಟೆ?" ಎಂದು ಆಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಬಳಿಕ ಶಾಸನವನ್ನು ತರಿಸಿ ಓದಿದೆನು. ಬೀದಿಬದಿಯ ವ್ಯಾಪಾರಿಗಳ ವಿಷಯವಾಗಿ ಪಾರ್ಲಿಮೆಂಟು 2014ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಸಮೀಕ್ಷೆಯು ಮುಗಿದು ಎಲ್ಲ ವ್ಯಾಪಾರಿಗಳಿಗೂ ಪ್ರಮಾಣಪತ್ರ ದೊರೆಯುವವರೆಗೆ ಯಾರನ್ನೂ ಎಬ್ಬಿಸತಕ್ಕದ್ದಲ್ಲ. ಪಟ್ಟಣ ವ್ಯಾಪಾರ ಸಮಿತಿಯೆಂಬುದೊಂದು ಇರತಕ್ಕದ್ದು. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳು ತಾವೇ ಚುನಾಯಿಸಿದವರು. ಅವರಲ್ಲಿ ಮೂರರಲ್ಲೊಂದು ಪಾಲು ಸ್ತ್ರೀಯರು. ನಿವಾಸಿಗಳ ಸಂಘಗಳಿಗೂ ಅಲ್ಲಿ ಸ್ಥಾನವುಂಟು. ಅಂದರೆ ಸೊಪ್ಪು ಮಾರುವವಳೂ ಕೊಳ್ಳುವವನೂ ಒಂದೇ ಮೇಜಿನ ಮುಂದೆ ಕುಳಿತು ಮಾತನಾಡಬೇಕೆಂಬುದು ಶಾಸನದ ಆಶಯ. ನಾವಾದರೋ ಆಕೆಯನ್ನು ವಿಚಾರಿಸದೆಯೇ ತೀರ್ಪನ್ನು ಬರೆದಿದ್ದೆವು.

ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸರಕುಗಳ ಕ್ರಯವಿಕ್ರಯವನ್ನು ನೋಡಿಕೊಳ್ಳಲು ಪಣ್ಯಾಧ್ಯಕ್ಷನೆಂಬ ಅಧಿಕಾರಿಯುಂಟು. ಅರಸರ ಕಾಲಕ್ಕೆ ಅಷ್ಟು ಸಾಕಾಗಿದ್ದಿರಬಹುದು. ಪ್ರಜಾಪ್ರಭುತ್ವದಲ್ಲಿ ಪ್ರತಿಯೊಬ್ಬ ಗೃಹಸ್ಥನೂ ಕಿಂಚಿತ್ತಾದರೂ ಪಣ್ಯಾಧ್ಯಕ್ಷನಾಗಬೇಕು.

ಇದು ನಮ್ಮ ಊರಿಗೆ ಹೊಸದಲ್ಲ. ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯೇ ಬೆಳೆದು ಹಾಪ್‌ಕಾಮ್ಸ್ ಆಯಿತು. ರೈತರು ತಾವೇ ಕೂಡಿ ಬೆಳೆಗೂ ಬೀದಿಗೂ ದಾರಿಮಾಡಿದರು. 2017ರ ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ಮೊದಲ ಇಂದಿರಾ ಕ್ಯಾಂಟೀನು ತೆರೆದಾಗ ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಇದು ಸರ್ಕಾರದ ಕಾರ್ಯ. ಆದರೆ ಅಲ್ಲಿಯ ಅನ್ನ ಬೆಂದಿದೆಯೇ, ನೀರು ಶುದ್ಧವೇ ಎಂದು ನೋಡಿ ಹೇಳಬೇಕಾದವರು ನೆರೆಯವರು. ಹೊರದೇಶಗಳಲ್ಲಿಯೂ ಇಂತಹ ಏರ್ಪಾಡುಗಳುಂಟು. ಕೆನಡಾದ ಟೊರಾಂಟೊ ನಗರದಲ್ಲಿ 1991ರಲ್ಲಿಯೇ ಆಹಾರನೀತಿ ಪರಿಷತ್ತು ಏರ್ಪಟ್ಟಿತು. ನಮ್ಮ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ಬಾಗಿಲಿದೆ, ತಟ್ಟುವವರು ಬೇಕು.

ಕಡೆಗೆ ನಾನು ಎರಡನೆಯ ಮನವಿಯನ್ನು ಬರೆದೆನು. ಈ ಸಲ ರುಜು ಹಾಕುವ ಮೊದಲು, ಬನಶಂಕರಿಯ ಗುಡಿಯ ಬಳಿ ಕುಳಿತಿದ್ದ ಆಕೆಯನ್ನು ಹುಡುಕಿ ಅದನ್ನು ಓದಿ ಹೇಳಿದೆನು. "ಬೆಳಗ್ಗೆ ಹತ್ತು ಗಂಟೆವರೆಗೆ ಜಾಗ ಕೊಟ್ರೆ ಸಾಕು ಸ್ವಾಮಿ, ಆಮೇಲೆ ಬಾಡಿದ ಸೊಪ್ಪಿಗೆ ಯಾರು ಬರ್ತಾರೆ?" ಎಂದಳು. ನಮ್ಮ ದೂರಿದ್ದುದೂ ಹತ್ತು ಗಂಟೆಯ ಮೇಲಿನ ಸಂದಣಿಯ ವಿಷಯವೇ! ಮೊದಲೇ ಒಂದು ಮಾತು ಕೇಳಿದ್ದರೆ ಯಾರಿಗೂ ಕಷ್ಟವಾಗುತ್ತಿರಲಿಲ್ಲ.

ಮನವಿಯನ್ನು ಸಲ್ಲಿಸಿದ್ದಾಯಿತು, ಉತ್ತರಕ್ಕಾಗಿ ಕಾಯುತ್ತಿರುವೆನು. ವಾಚಕ ಮಹಾಶಯರೇ, ನಿಮ್ಮ ಬೀದಿಯ ಅನ್ನದ ವಿಷಯವಾಗಿ ಯಾವ ಕಾಗದವು ರುಜುವಿಗೆ ಬಂದರೂ, ಅದು ಯಾರ ಬುಟ್ಟಿಯನ್ನು ಎತ್ತುವುದೋ ಅವರಿಗೆ ಮೊದಲು ಓದಿ ಹೇಳಿರಿ. ಲೇಖನಿಯನ್ನು ಆಮೇಲೆ ಎತ್ತಬಹುದು.