ಲೇಖಕರಿಗೆ ಬ್ರ್ಯಾಂಡ್ ಬೇಕಾ? ಮುಧೋಳದ ರನ್ನನನ್ನು ಕೇಳಿ

ಮುಧೋಳ ಅಂದ್ರೆ ಬಹಳ ಮಂದಿಗೆ ಬೇಟೆನಾಯಿ ನೆನಪಾಗುತ್ತೆ. ನನಗೆ ನೆನಪಾಗೋದು ಒಂದು ಸಹಿ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೊರೆದ ಅಕ್ಷರಗಳಿವೆ. ಅದು ಮುಧೋಳದ ರನ್ನನ ಸಹಿ ಎಂದು ವಿದ್ವಾಂಸರು ಗುರುತಿಸುತ್ತಾರೆ. 993ರಲ್ಲಿ ‘ಅಜಿತಪುರಾಣ’ ಮುಗಿಸಿದ ಈ ಕವಿ ಬಳೆಗಾರರ ಮನೆಯವನು. ಆಸ್ಥಾನಕ್ಕೆ ಹೋಗೋಕೆ ಮನೆತನದ ಬಲ ಇರಲಿಲ್ಲ, ಇದ್ದದ್ದು ವಿದ್ಯೆ ಮತ್ತು ಹೆಸರು. ರನ್ನ ಅಂದರೂ ರತ್ನವೇ. ಹೆಸರು, ಬಿರುದು, ಸಹಿ ಮೂರೂ ಒಂದೇ ಮಾತು ಹೇಳುತ್ತವೆ.

ವಿಷುಯಲ್ ಬ್ರ್ಯಾಂಡ್ ಅಂದ್ರೆ ಇಷ್ಟೇ: ಓದೋ ಮೊದಲೇ ಕಣ್ಣು ಲೇಖಕರನ್ನು ಗುರುತಿಸಬೇಕು. ಎಲ್ಲ ಕಡೆ ಒಂದೇ ಹೆಸರು, ಒಂದೇ ಕಾಗುಣಿತ, ಒಂದೇ ಫೋಟೊ. ಎರಡೇ ಬಣ್ಣ. ಪ್ರತಿ ಮುಖಪುಟದಲ್ಲೂ ಹೆಸರಿಗೆ ಅದೇ ಜಾಗ, ಅದೇ ಫಾಂಟ್. ಇಂಜಿನಿಯರಿಂಗ್ ಬಿಟ್ಟು ಬರೆಯೋಕೆ ಶುರು ಮಾಡಿದಾಗ ನಾನು ಮೂರು ಕಡೆ ಮೂರು ಹೆಸರು ಇಟ್ಕೊಂಡಿದ್ದೆ. ಲೇಖನ ಮೆಚ್ಚಿದವರಿಗೂ ಅದನ್ನು ಬರೆದಿದ್ದು ನಾನೇ ಅಂತ ಗೊತ್ತಾಗಲಿಲ್ಲ. ಜಾತಿ, ದುಡ್ಡು, ಪರಿಚಯದ ಬಲ ಇಲ್ಲದವರಿಗೆ ಇದು ಶೋಕಿ ಅಲ್ಲ, ವಿಳಾಸ.

ಆದರೆ ಆ ವಿಳಾಸ ನಿಮ್ಮದೇ ಆಗಿರಲಿ, ಪಕ್ಷದ್ದಲ್ಲ. ‘ಗದಾಯುದ್ಧ’ದಲ್ಲಿ ರನ್ನ ತನ್ನ ಪೋಷಕ, ಚಾಲುಕ್ಯ ಸತ್ಯಾಶ್ರಯನನ್ನೇ ಭೀಮನಾಗಿ ಕಂಡ. ಓದುಗರ ಮನಸ್ಸಲ್ಲಿ ನಿಂತವನು ಮಾತ್ರ ಸೋತ ದುರ್ಯೋಧನ. ಪೋಷಕರ ಬಣ್ಣ ಬಳಿದುಕೊಂಡ ಮುಖಪುಟ ಬೇಗ ಮಾಸುತ್ತೆ.

ಇನ್ನೊಂದು ಮಾತು. ಕಾವ್ಯ ಇಲ್ಲದಿದ್ದರೆ ಬಂಡೆಯ ಮೇಲಿನ ಆ ಸಹಿ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಲೋಗೊಗೆ ಒಂದು ಸಂಜೆ ಕೊಡಿ, ಉಳಿದ ಸಂಜೆಗಳಲ್ಲಿ ಬರೆಯಿರಿ.