ಬಿಸಿಯೇರಿದರೂ ಮರವೇಕೆ ಬೆಟ್ಟವೇರದು?

ಎತ್ತರದ ಪರ್ವತ ಹತ್ತುತ್ತ ಹೋದರೆ ಒಂದು ಹಂತದಲ್ಲಿ ಕಾಡು ಕುಳ್ಳಾಗತೊಡಗುತ್ತದೆ. ಭಾರಿ ಮರಗಳು ಆಳೆತ್ತರಕ್ಕಿಳಿದು, ಆಮೇಲೆ ಮೊಣಕಾಲೆತ್ತರದ ಪೊದೆಗಳಾಗಿ, ಕೊನೆಗೆ ಬರೀ ಹುಲ್ಲು, ಕಲ್ಲು. ಮರಗಳ ಈ ಗಡಿಯೇ ವೃಕ್ಷರೇಖೆ. ಬೆಳವಣಿಗೆಯ ತಿಂಗಳುಗಳ ಸರಾಸರಿ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಲ್ಲಿ ಮರ ನಿಲ್ಲದು ಎಂಬುದು ವಿಜ್ಞಾನಿಗಳ ಲೆಕ್ಕ.

ಹಾಗಾದರೆ ಭೂಮಿ ಬಿಸಿಯಾದಂತೆ ಈ ಗೆರೆಯೂ ಮೇಲೆ ಸರಿಯಬೇಕಲ್ಲವೆ? ಶಾಲಾ ಮಕ್ಕಳೂ ಹಾಕಬಹುದಾದ ಈ ಲೆಕ್ಕ ಅರ್ಧದಷ್ಟೇ ಸರಿ. ಜಗತ್ತಿನ 166 ಕಡೆಯ ದಾಖಲೆಗಳನ್ನು 2009ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 1900ರಿಂದೀಚೆಗೆ ಗೆರೆ ಮೇಲೇರಿದ್ದು ಶೇ 52ರಷ್ಟು ಕಡೆ ಮಾತ್ರ. ಉಳಿದೆಡೆ ಅದು ಬಹುಮಟ್ಟಿಗೆ ಇದ್ದಲ್ಲೇ ಇತ್ತು.

ಕಾರಣ ಹುಡುಕಲು ಬೆಳೆದ ಮರವನ್ನಲ್ಲ, ಸಸಿಯನ್ನು ನೋಡಬೇಕು. ಅಮೆರಿಕದ ಕೊಲರಾಡೊದಲ್ಲಿ, ರಾಕಿ ಪರ್ವತಗಳ ನೈವಾಟ್ ರಿಜ್‌ನಲ್ಲಿ ಲಾರಾ ಕೂಪರ್ಸ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಸುಮಾರು 3060 ಮೀಟರ್ ಎತ್ತರದ ಕಾಡಿನಲ್ಲಿ, 3430 ಮೀಟರ್‌ನ ವೃಕ್ಷರೇಖೆಯಲ್ಲಿ, ಅದಕ್ಕೂ ಮೇಲಿನ ಬಯಲಿನಲ್ಲಿ ಎಂಗಲ್‌ಮನ್ ಸ್ಪ್ರೂಸ್ ಮತ್ತು ಲಿಂಬರ್ ಪೈನ್ ಮರಗಳ ಬೀಜ ಬಿತ್ತಿದರು. ಕೆಲವು ಮಡಿಗಳ ಮೇಲೆ ವಿದ್ಯುತ್ ಹೀಟರ್ ತೂಗುಹಾಕಿ ನಾಳಿನ ಬಿಸಿಯನ್ನು ಇಂದೇ ತಂದರು. ಕೆಲವಕ್ಕೆ ನೀರನ್ನೂ ಉಣಿಸಿದರು.

2017ರಲ್ಲಿ ಪ್ರಕಟವಾದ ಫಲಿತಾಂಶ ಸ್ಪ್ರೂಸ್ ಪಾಲಿಗೆ ಆಶಾದಾಯಕವಾಗಿರಲಿಲ್ಲ. ಬಿಸಿ ಹೆಚ್ಚಿದ ಮಡಿಗಳಲ್ಲಿ ಅದರ ಸಸಿಗಳು ಕಡಿಮೆಯಾದವು. ಗೆರೆಯಾಚೆ ಮಾತ್ರವಲ್ಲ, ತವರು ಕಾಡಿನಲ್ಲೂ. ಹೆಚ್ಚುವರಿ ನೀರು ಸಿಕ್ಕಿದಲ್ಲಿ ಬಿಸಿಯ ಪೆಟ್ಟು ಒಂದಿಷ್ಟು ತಗ್ಗಿತು. ಲಿಂಬರ್ ಪೈನ್ ಮಾತ್ರ ಬಿಸಿಗೆ ಅಷ್ಟಾಗಿ ಜಗ್ಗಲಿಲ್ಲ; ಆದರೆ ಬಿಸಿಯಿಂದಾಗಿ ಅದು ಯಾವ ತಾಣದಲ್ಲೂ ಕೊನೆಗೆ ಹೆಚ್ಚಾಗಿ ನೆಲೆಯೂರಲೂ ಇಲ್ಲ.

ಸ್ಪ್ರೂಸ್ ಬೀಜದ ತೂಕ ಮೂರೋ ನಾಲ್ಕೋ ಮಿಲಿಗ್ರಾಂ. ಮೊದಲ ವರ್ಷ ಸಸಿ ಒಂದಂಗುಲ ದಾಟುವುದೇ ಅಪರೂಪ. ಐದು ವರ್ಷವಾದರೂ ಬೆರಳುದ್ದ! ತಾಯಿಮರದ ತುದಿ ತಂಪು ಗಾಳಿಯಲ್ಲಿ ತೂಗುತ್ತಿದ್ದರೆ, ಮಗು ನೆಲಕ್ಕಂಟಿಕೊಂಡು ಬೇರೆಯೇ ಹವೆಯಲ್ಲಿ ಬದುಕುತ್ತದೆ. ಹಗಲು ಮೇಲ್ಮಣ್ಣು ಕಾಯುತ್ತದೆ. ಹಿಮ ಬೇಗ ಕರಗಿದರೆ ಮಣ್ಣು ಬೇಗ ಒಣಗುತ್ತದೆ, ಬೇರು ಆಳಕ್ಕಿಳಿದಿರುವುದಿಲ್ಲ. ರಾತ್ರಿ ಶುಭ್ರ ಆಕಾಶದಡಿ ಎಲೆ ಹೆಪ್ಪುಗಟ್ಟುತ್ತದೆ. ಬೆಳಗಾದರೆ ಎತ್ತರದ ತೀಕ್ಷ್ಣ ಬಿಸಿಲು ಆ ಎಲೆಯ ಮೇಲೆಯೇ ಬಿದ್ದು ದ್ಯುತಿಸಂಶ್ಲೇಷಣೆಯ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಸಾಲದ್ದಕ್ಕೆ, ಮಣ್ಣಿನ ನೀರು ಮಂಜುಗಡ್ಡೆಯಾಗಿ ಉಬ್ಬಿ ಸಸಿಯನ್ನು ಬೇರುಸಹಿತ ಮೇಲೆತ್ತುವುದೂ ಉಂಟು. ಬಂಡೆಯ ಮರೆಯಲ್ಲೋ ಕುಳ್ಳ ಮರದ ಸೆರಗಿನಲ್ಲೋ ಹುಟ್ಟಿದ ಸಸಿಗೆ ಬದುಕುವ ಅವಕಾಶ ಹೆಚ್ಚು.

ಪೈನ್ ಬೀಜ ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಭಾರ. ಬುತ್ತಿ ಕಟ್ಟಿಕೊಂಡೇ ಹೊರಟಂತೆ! ಅದನ್ನು ಹೊತ್ತೊಯ್ದು ಮಣ್ಣಲ್ಲಿ ಹುದುಗಿಸಲು ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಹಕ್ಕಿಯೂ ಇದೆ. ಸ್ಪ್ರೂಸ್ ಬೀಜಕ್ಕೆ ಗಾಳಿಯೇ ಗತಿ.

ನೀರಿನ ಈ ಕೊರತೆ ಬೆಳೆದ ಮರವನ್ನೂ ಬಿಟ್ಟಿಲ್ಲ. ಹಿಮಾಲಯದ ವೃಕ್ಷರೇಖೆಯಲ್ಲಿ ನಿಲ್ಲುವ ಮರಗಳಲ್ಲಿ ಭೂರ್ಜವೂ ಒಂದು. ಹಿಂದೆ ಗ್ರಂಥಗಳನ್ನು ಬರೆಯುತ್ತಿದ್ದ ಭೂರ್ಜಪತ್ರ ಇದರದೇ ತೊಗಟೆ. ನೇಪಾಳದಲ್ಲಿ ಇದರ ಕಾಂಡದ ಉಂಗುರಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾರ್ಚ್‌ನಿಂದ ಮೇವರೆಗೆ ಮಳೆ, ಹಿಮ ಚೆನ್ನಾಗಿ ಬಿದ್ದ ವರ್ಷ ಮರ ಚೆನ್ನಾಗಿ ಬೆಳೆದಿದೆ. ಒಣಗಿದ ವರ್ಷಗಳಲ್ಲಿ ಎಷ್ಟೋ ಮರಗಳಲ್ಲಿ ಉಂಗುರವೇ ಮೂಡಿಲ್ಲ.